ಶೈಲಕ್ಕನ ಒಂದೇ ಬೆಂಚು

ಗೆಳೆಯರೇ, ಮೇಲಿನ ಮನೆಯ ಒದ್ದೆ ಮುಂಡಿನ ವಿರುದ್ಧ ನಾನು ಇಂದು ಕಾನೂನು ಸಮರ ಸಾರಿದೆ. ಒಣಗಲು ಹಾಕಿದ ಆ ಪಂಚೆಯ ನೀರು ದಿನವೂ ನನ್ನ ಪತ್ರಿಕೆಯ ಮೇಲೆ ತೊಟ್ಟಿಕ್ಕುತ್ತದೆ.

ಇಲ್ಲೇ ನಮ್ಮ ಪಾಲಾರಿವಟ್ಟಂ ಬಡಾವಣೆಯಲ್ಲಿ ವಕೀಲಿಕೆ ಮಾಡುವ ಕಾಸರಗೋಡಿನ ಶೈಲಕ್ಕನ ಪುಟ್ಟ ಆಫೀಸಿಗೆ ಹೋದರೆ, ಮುಂಡಿನ ಮಾಲೀಕರಾದ ಮ್ಯಾಥ್ಯೂ ಚೇಟನ್, ಅಂದರೆ ಮ್ಯಾಥ್ಯೂ ಅಣ್ಣ, ಆಗಲೇ ಅಲ್ಲಿ ಕೂತಿದ್ದರು. ಅವರ ದೂರು ನನ್ನ ಬಚ್ಚಲುಮನೆಯ ಸಂಗೀತದ ಮೇಲೆ.

"ಬೇರೆ ಬೆಂಚಿಲ್ವಾ ಶೈಲಕ್ಕಾ?" ಎಂದೆ.

"ನನ್ನಪ್ಪ ಮಾಷ್ಟ್ರು. ಜಗಳ ಮಾಡಿದ ಮಕ್ಕಳನ್ನು ಒಂದೇ ಬೆಂಚಲ್ಲಿ ಕೂರಿಸ್ತಿದ್ರು. ಇಲ್ಲಿಯೂ ಒಂದೇ ಉಂಟು. ರಾಜಿಯಾಗದೆ ಏಳ್ಲಿಕ್ಕಿಲ್ಲ."

ಚಾ ಮುಗಿಯುವಷ್ಟರಲ್ಲಿ ರಾಜಿಯಾಯಿತು. ಚೇಟನ್ ಮುಂಡನ್ನು ಚೆನ್ನಾಗಿ ಹಿಂಡಿ ಹಾಕುತ್ತಾರೆ, ನಾನು ಮನೆಯಲ್ಲಿ ಹಾಡುವುದಿಲ್ಲ.

ಹತ್ತಿರದಲ್ಲಿ ಯಾರದಾದರೂ ಬಚ್ಚಲುಮನೆ ಬೆಳಿಗ್ಗೆ ಅರ್ಧ ಗಂಟೆ ಖಾಲಿಯಿದ್ದರೆ ದಯವಿಟ್ಟು ತಿಳಿಸಿ. ಸೋಪು ನಾನೇ ತರುತ್ತೇನೆ.