ನೋಡದೆ ಹೇಳಿದ ಆರಾಮ

ಅಕ್ಕನ ಮೊಣಕಾಲು ನೋಡಿ ಹೇಳುವುದೊಂದೇ ನನಗೆ ವಹಿಸಿದ್ದ ಕೆಲಸ. ನಾನು ನೋಡಲಿಲ್ಲ. ಹೇಳುವುದನ್ನು ಮಾತ್ರ ತಪ್ಪದೆ ಹೇಳಿದೆ.

ಝಳಕಿಯ ಹೆದ್ದಾರಿ ಬದಿಗೆ ನನ್ನದು ಪಂಕ್ಚರ್ ಅಂಗಡಿ. ಶಾಲೆಯಲ್ಲಿ ಕೂತದ್ದು ಕಡಿಮೆ, ಟೈರಿನ ಮುಂದೆ ಕೂತದ್ದೇ ಹೆಚ್ಚು. ಅಂಗಡಿಯ ಹಿಂದೆಯೇ ಮನೆ. ಅಲ್ಲಿ ಅಕ್ಕ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದುಕೊಡುತ್ತಾಳೆ. ಒಲೆಯ ಮುಂದೆ ಕೂತು ಕೂತು ಸವೆದ ಮೊಣಕಾಲಿಗೆ ವಿಜಯಪುರದ ಒಂದು ಆಸ್ಪತ್ರೆಯಲ್ಲಿ ಲೋಹದ ಕೀಲು ಹಾಕಿದರು. ಅಲ್ಲೇ ಒಂದು ಸಂಶೋಧನೆ ನಡೆಯುತ್ತಿತ್ತು. ಮೈಯೊಳಗೆ ಹೀಗೆ ಲೋಹ ಕೂರಿಸಿಕೊಂಡವರಲ್ಲಿ ಯಾರಿಗೆ ಸೋಂಕು ತಗಲುತ್ತದೆ, ಅದರ ಮೊದಲ ಗುರುತು ಏನು ಎಂದು ತಿಳಿಯಲು. ನಿಮ್ಮನ್ನೂ ಸೇರಿಸಿಕೊಳ್ಳೋಣವೇ ಎಂದು ನರ್ಸ್ ಕೇಳಿದಾಗ ಅಕ್ಕ ಹಿಂದೆಮುಂದೆ ನೋಡಲಿಲ್ಲ.

“ಬರಕೋರಿ. ನನ್ನ ಮೊಣಕಾಲಿನಿಂದ ಇನ್ನೊಬ್ಬಾಕಿದು ನೆಟ್ಟಗಾಗ್ಲಿ.”

ಮನೆಯಲ್ಲಿದ್ದ ಒಂದೇ ಫೋನು ನನ್ನದು. ಹಾಗಾಗಿ ನರ್ಸ್ ವಾರವಾರವೂ ನನಗೇ ಕರೆ ಮಾಡುತ್ತಿದ್ದರು.

ನಮ್ಮ ಕಡೆ ಯಾರಾದರೂ ಹೇಗಿದ್ದೀರಿ ಎಂದರೆ ಮೊದಲು ‘ಆರಾಮ’ ಎನ್ನಬೇಕು. ಹಲ್ಲುನೋವಿಗೆ ಗಲ್ಲ ಊದಿಸಿಕೊಂಡವನೂ ಅದನ್ನೇ ಹೇಳುತ್ತಾನೆ, ಮಗುಚಿದ ಲಾರಿಯಿಂದ ತೆವಳಿಕೊಂಡು ಬಂದವನೂ ಅದನ್ನೇ. ನಿಜ ಹೊರಬರುವುದು ಆಮೇಲೆ, ಚಹಾ ಬಂದ ಮೇಲೆ. ಫೋನಿನಲ್ಲಿ ಚಹಾ ಬರುವುದಿಲ್ಲ.

“ಗಾಯ ಕೆಂಪಾಗೇತೇನ್ರಿ?”

“ಇಲ್ರಿ.”

“ಮುಟ್ಟಿದ್ರ ಬಿಸಿ ಐತೇನ್ರಿ?”

“ಇಲ್ರಿ ಮೇಡಮ್, ಎಲ್ಲಾ ಆರಾಮ.”

ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ನಟ್ಟು ಬಿಚ್ಚುವ ಪಾನಾ. ಕೂಗಿದರೆ ಕೇಳುವಷ್ಟು ಹತ್ತಿರ ಅಕ್ಕ ಇದ್ದಳು. ನಾನು ಕೂಗಲೂ ಇಲ್ಲ. ಅವಳೂ ಕಡಿಮೆಯವಳಲ್ಲ. ಊಟದ ಹೊತ್ತಿಗೆ ಯಾವಾಗಲೋ ಕೇಳಿದರೆ ಸೀರೆ ಕೆಳಗೆಳೆದುಕೊಂಡು ಆರಾಮ ಎಂದುಬಿಡುತ್ತಿದ್ದಳು. ಇದೇ ಮಾತನ್ನು ಗಿರಾಕಿ ತನ್ನ ಟೈರಿನ ಬಗ್ಗೆ ಹೇಳಿದರೆ ನಾನು ನಂಬುವವನಲ್ಲ. ಟ್ಯೂಬು ನೀರಿಗೆ ಹಾಕಿ, ಗುಳ್ಳೆ ಏಳುತ್ತದೋ ಇಲ್ಲವೋ ನೋಡಿಯೇ ಮುಂದಿನ ಮಾತು.

ಒಂದು ಬೆಳಿಗ್ಗೆ ರೊಟ್ಟಿ ಬಡಿಯುವ ಸದ್ದು ಬರಲಿಲ್ಲ. ಒಳಗೆ ಹೋದೆ. ಅಕ್ಕ ಜ್ವರದಲ್ಲಿ ಮಲಗಿದ್ದಳು. ಮೊಣಕಾಲು ಕೆಂಪಗೆ ಊದಿ, ಹೊಲಿಗೆ ಹಾಕಿದ ಜಾಗದಲ್ಲಿ ನೀರು ಜಿನುಗುತ್ತಿತ್ತು. ಆ ಸಲ ನಾನೇ ನರ್ಸಿಗೆ ಕರೆ ಮಾಡಿದೆ. “ಏನೂ ಹಚ್ಚಬ್ಯಾಡ್ರಿ, ಈಗಿಂದೀಗ ಕರಕೊಂಡು ಬರ್ರಿ” ಎಂದರು. ಗಾಳಿ ಹಾಕಿಸಲು ಬಂದಿದ್ದ ಜೀಪಿನಲ್ಲೇ ಹೊರಟೆವು.

“ಟೈರ್ ಕಂಡ್ರ ನಿನಗ ನಾಕು ಕಣ್ಣು. ಅಕ್ಕನ ಕಂಡ್ರ ಇದ್ದ ಎರಡೂ ಮುಚ್ಚತಾವು,” ಎಂದಳು ಅಕ್ಕ, ಜ್ವರದಲ್ಲೂ.

ಡಾಕ್ಟರು ನನ್ನನ್ನೇ ಕೇಳಿದರು. “ಯಾವಾಗಿಂದ ಹಿಂಗಾಗೇತಿ? ಲೋಹಕ್ಕ ಹತ್ತಿದ ಸೋಂಕು ದಿನ ಕಳದಂಗ ಗಟ್ಟಿ ಕುಂದರತೈತಿ, ಔಷಧಕ್ಕೂ ಬಗ್ಗಂಗಿಲ್ಲ. ಹೊಸದಿದ್ರ ತೊಳದು ಕೀಲು ಉಳಸ್ತೇವಿ. ಹಳೇದಿದ್ರ ಕೀಲ ತೆಗೀಬೇಕಾಗತೈತಿ. ಮೊನ್ನೆ ಫೋನಿನ್ಯಾಗ ಏನೂ ಇಲ್ಲಂದೀರಲ್ಲ?”

ಆರಾಮ ಎಂಬ ಮಾತು ಅಭ್ಯಾಸಬಲದಿಂದ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ನುಂಗಿಕೊಂಡೆ.

“ನನಗ ಗೊತ್ತಿಲ್ರಿ ಸರ್. ಒಮ್ಮೆಯೂ ನೋಡಿಲ್ಲ. ನೋಡದನ ಹೇಳೇನಿ.”

ನರ್ಸ್ ಹಣೆ ಗಟ್ಟಿಸಿಕೊಂಡರು. “ಎಲ್ಲಾರೂ ನಿಮ್ಹಂಗ ಹೇಳಿದ್ರ ನಮ್ಮ ಸಂಶೋಧನೆದಾಗ ಯಾರಿಗೂ ಸೋಂಕೇ ಬರಂಗಿಲ್ಲ ಬಿಡ್ರಿ!”

ಆಗ ಹಾಸಿಗೆಯಿಂದ ಅಕ್ಕನ ದನಿ ಬಂತು. “ಮೊನ್ನೆ ಸಂತಿ ದಿನಾ ಚಳುಕು ಚಾಲೂ ಆತ್ರಿ. ಅದಕ್ಕೂ ಮೊದಲು ಖರೇನ ಆರಾಮಿತ್ತು.”

ಡಾಕ್ಟರ ಮುಖ ಸಡಿಲಾಯಿತು. ಹಾಗಾದರೆ ತೊಳೆದು ನೋಡೋಣ ಎಂದರು. ತೊಳೆದರು, ಕೀಲು ಉಳಿಯಿತು.

ಅಕ್ಕನಿಗೆ ಎಚ್ಚರವಾದಾಗ ಪಕ್ಕದಲ್ಲೇ ಇದ್ದೆ.

“ಹ್ಯಾಂಗೈತಿ, ಅಕ್ಕ?”

“ಆರಾಮ,” ಎಂದಳು. ಹೇಳಿ, ತಾನೇ ನಕ್ಕಳು.

ನಾನು ನಂಬಲಿಲ್ಲ. ಉಗುರಿನ ಸಂದಿಯ ಗ್ರೀಸು ಹೋಗುವವರೆಗೆ ಸೋಪು ಹಚ್ಚಿ ಕೈ ತೊಳೆದು ಬಂದು, ಹೊದಿಕೆ ಸರಿಸಿ, ಬಗ್ಗಿ ಪಟ್ಟಿ ನೋಡಿದೆ. ಒಣಗಿತ್ತು. ತಲೆ ಎತ್ತದೆ ಹೇಳಿದೆ:

“ತಪ್ಪಾತು, ಅಕ್ಕ. ನಾ ನೋಡಬೇಕಾಗಿತ್ತು.”