ಎದುರು ಮನೆಯವರ ಸಹಿ

ನಾನು ಬಸ್ ಕಂಡಕ್ಟರ್ ಆಗಿದ್ದವನು. ಇಂಡಿ, ಸಿಂದಗಿ, ಮುದ್ದೇಬಿಹಾಳ, ತಾಳಿಕೋಟೆ ಎಂದು ಸುಮಾರು ಮೂವತ್ತು ವರ್ಷ ಸೀಟಿ ಊದಿಕೊಂಡು ತಿರುಗಿದೆ. ನಿವೃತ್ತನಾಗಿ ಬಸವನ ಬಾಗೇವಾಡಿಯ ಮನೆಯಲ್ಲಿ ಕುಳಿತ ಮೇಲೆ ಮಾತಾಡಿಸಲು ಜನ ಸಾಲದೆ, ಹೊತ್ತುಹೊತ್ತಿಗೆ ಅಡುಗೆಮನೆಗೆ ಹೋಗಿ ಹೆಂಡತಿಯಿಂದ ಬೈಸಿಕೊಳ್ಳುತ್ತಿದ್ದೆ. ಅದೇ ಸಮಯಕ್ಕೆ ನಮ್ಮ ಮಾಳಿಗೆಯ ಮೇಲಿನ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದ ಶಿಕ್ಷಕರಿಗೆ ಸಿಂದಗಿಗೆ ವರ್ಗವಾಯಿತು.

"ಮತ್ತ ತಿಂಗಳ ಬಾಡಿಗಿಗಿ ಕೊಡೂದು ಬ್ಯಾಡ. ಗುಡಿಗಿ ಬರೂ ಮಂದಿಗಿ ಒಂದಿನ, ಎರಡ ದಿನಕ್ಕ ಕೊಡೂಣು. ನಿಮಗೂ ಮಾತಾಡಾಕ ಮಂದಿ ಸಿಗ್ತಾರ, ನಾನೂ ಪಾರಾಗ್ತೇನಿ," ಎಂದಳು ಹೆಂಡತಿ. ಮುದ್ದೇಬಿಹಾಳದಲ್ಲಿರುವ ಮಗಳು ಕೋಣೆಗಳ ಫೋಟೋ ತೆಗೆದು ಮೊಬೈಲಿನ ಆ್ಯಪ್ ಒಂದಕ್ಕೆ ಏರಿಸಿದಳು. ಮುಂದಿನ ವಾರವೇ ಜನ ಬಂದರು.

ಮೊದಲ ನಾಲ್ಕು ತಿಂಗಳು ಹಬ್ಬದಂತಿದ್ದವು. ಮೈಸೂರಿನಿಂದ ಬಂದ ಗಂಡಹೆಂಡತಿ ಮೊದಲ ದಿನ ಊಟಕ್ಕೆ ಕುಳಿತು ಎರಡನೇ ರೊಟ್ಟಿಗೆ ಸಾಕೆಂದರು. "ಏನ್ರಿ ಇದು, ಗುಬ್ಬಿ ಉಂಡಂಗ ಉಣ್ಣಾಕತ್ತೀರಿ! ಸುಮ್ನ ಉಣ್ರಿ!" ಎಂದು ನನ್ನ ಹೆಂಡತಿ ಗದರಿದಳು. ಅವರಿಬ್ಬರೂ ತಲೆ ತಗ್ಗಿಸಿ ಮೂರನೇ ರೊಟ್ಟಿ ಮುಗಿಸಿದರು. ಆಮೇಲೆ ಆತ ನನ್ನನ್ನು ಹೊರಗೆ ಕರೆದು, "ಮೇಡಂಗೆ ನಮ್ಮ ಮೇಲೆ ಏನಾದರೂ ಬೇಸರವೇ?" ಎಂದು ಮೆಲ್ಲಗೆ ಕೇಳಿದರು. ಅದು ಪ್ರೀತಿ ಎಂದು ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕಾಯಿತು.

ಐದನೇ ತಿಂಗಳಲ್ಲಿ ಪುರಸಭೆಯಿಂದ ಒಂದು ನೋಟಿಸು ಬಂತು. ದಿನದ ಲೆಕ್ಕದಲ್ಲಿ ಅತಿಥಿಗಳನ್ನು ಇರಿಸಿಕೊಳ್ಳುವವರು ಅನುಮತಿ ಪಡೆಯಬೇಕು, ನೀವು ಪಡೆದಿಲ್ಲ ಎಂದು ಅದರಲ್ಲಿತ್ತು. ಕಚೇರಿಗೆ ಹೋದೆ. ಕನ್ನಡಕ ಹಾಕಿದ ಯುವತಿಯೊಬ್ಬರು ಕುರ್ಚಿ ಕೊಟ್ಟು ಸಮಾಧಾನದಿಂದ ವಿವರಿಸಿದರು. ಬಂದವರ ಗುರುತಿನ ಚೀಟಿಯ ನಕಲು ಇಟ್ಟುಕೊಳ್ಳಬೇಕು, ವಹಿಯಲ್ಲಿ ಹೆಸರು ಬರೆಸಬೇಕು, ಪೊಲೀಸ್ ಠಾಣೆಗೆ ತಿಳಿಸಬೇಕು, ಬೆಂಕಿ ಆರಿಸುವ ಸಿಲಿಂಡರ್ ಇರಬೇಕು.

"ಇಷ್ಟೇನ್ರಿ? ನಾ ಬಸ್ಸಿನ್ಯಾಗ ಇದಕ್ಕಿಂತ ಹೆಚ್ಚ ಬರದೇನಿ," ಎಂದೆ.

"ಇನ್ನೊಂದ ಐತಿ ನೋಡ್ರಿ. ಎಡಕ್ಕ, ಬಲಕ್ಕ, ಎದುರಿಗಿ ಇರೂ ಮನಿಯವ್ರು ತಕರಾರಿಲ್ಲ ಅಂತ ಸಹಿ ಮಾಡಬೇಕು. ನಿಮ್ಮ ಎದುರ ಮನಿಯವ್ರು ಈಗಾಗ್ಲೇ ತಕರಾರು ಅರ್ಜಿ ಕೊಟ್ಟಾರ."

ಎದುರು ಮನೆಯವರು ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಮೂರು ತಲೆಮಾರಿನಿಂದ ಆ ಓಣಿಯಲ್ಲೇ ಇರುವ ಮುಸ್ಲಿಂ ಮನೆತನ. ಓಣಿಯಲ್ಲಿ ಎಲ್ಲರೂ ಅವರನ್ನು ಸಾಹೇಬರೆಂದೇ ಕರೆಯುವುದು. ಮಾತು ಕಡಿಮೆ, ಬರವಣಿಗೆ ಜಾಸ್ತಿ. ಅರ್ಜಿಯನ್ನು ಅವರ ಮುತ್ತಿನಂಥ ಅಕ್ಷರದಲ್ಲೇ ಓದಿದೆ. ನಮ್ಮ ಮನೆಗೆ ಬಂದ ಅತಿಥಿಗಳು ಒಂದು ಬೆಳಿಗ್ಗೆ ತಮ್ಮ ಕಾರನ್ನು ಅವರ ಗೇಟಿಗೆ ಅಡ್ಡ ನಿಲ್ಲಿಸಿ ಗುಡಿಗೆ ನಡೆದು ಹೋಗಿದ್ದರಂತೆ. ಅದೇ ದಿನ ಸಾಹೇಬರ ಹೆಂಡತಿಗೆ ವಿಜಯಪುರದಲ್ಲಿ ಕಣ್ಣಿನ ಆಪರೇಷನ್ ಇತ್ತು. ತಮ್ಮ ಗಾಡಿ ಹೊರಗೆ ತೆಗೆಯಲಾಗದೆ, ಕಣ್ಣು ಸರಿಯಾಗಿ ಕಾಣದ ಹೆಂಡತಿಯ ಕೈ ಹಿಡಿದು ಬಸ್ ಸ್ಟ್ಯಾಂಡಿಗೆ ನಡೆದಿದ್ದರು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಸರದಿ ದಾಟಿತ್ತು. ಮತ್ತೆ ಒಂದು ವಾರ ಕಾಯಬೇಕಾಯಿತು.

ಆ ದಿನ ನಾವಿಬ್ಬರೂ ಅತಿಥಿಗಳನ್ನು ಮಾಳಿಗೆಯ ಮೇಲೆ ಬಿಟ್ಟು, ಕೆಳಗಿನ ಮನೆಗೆ ಬೀಗ ಹಾಕಿ ತಾಳಿಕೋಟೆಯಲ್ಲಿ ಮದುವೆ ಊಟ ಮಾಡುತ್ತಿದ್ದೆವು. ಕಚೇರಿಗೆ ಹೋಗುವಾಗ ನನ್ನ ತಲೆಯಲ್ಲಿ ಜಗಳದ ಮಾತುಗಳು ಸಿದ್ಧವಾಗಿದ್ದವು. ಅರ್ಜಿ ಓದಿದ ಮೇಲೆ ಒಂದೂ ಉಳಿಯಲಿಲ್ಲ.

ಹೆಂಡತಿಗೆ ಹೇಳಿದೆ. ಅವಳು ಕೈಯಲ್ಲಿದ್ದ ಹಿಟ್ಟು ತೊಳೆದುಕೊಂಡು, "ಏಳ್ರಿ, ಹೋಗೂಣು," ಎಂದಳು.

"ಈಗ?"

"ಮತ್ತ ಯಾವಾಗ? ಪಂಚಾಂಗ ನೋಡಿ ಹೋಗ್ತೀರೇನು?"

ಸಾಹೇಬರು ಜಗಲಿಯಲ್ಲಿ ಪತ್ರಿಕೆ ಓದುತ್ತಿದ್ದರು. ನಮ್ಮನ್ನು ಕಂಡು ಪತ್ರಿಕೆ ಮಡಚಿಟ್ಟರು. ನಾನು ನಿಂತುಕೊಂಡೇ ಹೇಳಿದೆ: "ಸಾಹೇಬ್ರ, ನಿಮ್ಮ ಅರ್ಜಿ ಓದಿ ಬಂದೇನಿ. ಕಾರ ನಿಲ್ಲಿಸಿದವ್ರು ಅವ್ರು ಖರೆ, ಆದ್ರ ತಪ್ಪು ನಂದು. ಎಲ್ಲಿ ನಿಲ್ಲಿಸಬೇಕು ಅಂತ ನಾನ ಹೇಳಿರಲಿಲ್ಲ. ನನಗ ಗೊತ್ತ ಇರಲಿಲ್ರಿ."

"ಗೊತ್ತ ಮಾಡಿಕೋಬೇಕಿತ್ತು," ಎಂದರು ಅವರು.

"ಹೌದ್ರಿ."

ಅಷ್ಟರಲ್ಲಿ ಒಳಗಿನಿಂದ ಅವರ ಹೆಂಡತಿ ಬಂದರು. ಆಪರೇಷನ್ ಆಗಿ ಹದಿನೈದು ದಿನವಾಗಿತ್ತು. ಕಪ್ಪು ಕನ್ನಡಕ ತೆಗೆದು ನನ್ನ ಮುಖವನ್ನೇ ದಿಟ್ಟಿಸಿ ನೋಡಿದರು. "ಅಯ್ಯ ಅಣ್ಣಾರ, ಇಷ್ಟ ಮುದುಕ ಆಗೀರೇನು? ನಾ ಇನ್ನೂ ಬಸ್ಸಿನ ಮ್ಯಾಲ ಓಡಾಡೂ ಹುಡುಗ ಅಂತ ತಿಳಕೊಂಡಿದ್ದೆ!"

ನನ್ನ ಹೆಂಡತಿ ಮೊದಲು ನಕ್ಕಳು. ಆಮೇಲೆ ಸಾಹೇಬರ ಮೀಸೆ ಅಲುಗಿತು. ಚಹಾ ಬಂತು.

ಚಹಾ ಕುಡಿದ ಮೇಲೆ ಸಾಹೇಬರು ನನ್ನ ಫಾರ್ಮು ಕೇಳಿ ಇಸಿದುಕೊಂಡರು. ಸಹಿ ಮಾಡುತ್ತಾರೆಂದು ಕಾದರೆ, ಪೆನ್ನು ತೆಗೆದು ತಪ್ಪು ಹುಡುಕತೊಡಗಿದರು. "ಇಲ್ಲಿ ಆಸ್ತಿ ನಂಬರ ಹಾಕಿಲ್ಲ. ಇಲ್ಲಿ ತಾರೀಖ ಇಲ್ಲ. ಇದೇನು, ಕೋಣಿಗಿ ಕೋಳಿ ಅಂತ ಬರದೀರಿ! ಇದನ್ನ ಕೊಟ್ರ ನಾಳಿಗೇ ತಿರುಗಿ ಬರ್ತದ." ಮರುದಿನ ಹೊಸ ಫಾರ್ಮು ತಂದೆ. ಅವರೇ ಕುಳಿತು ತುಂಬಿದರು. ಕೊನೆಗೆ ಎರಡು ಷರತ್ತು ಹಾಕಿದರು: ಅತಿಥಿಗಳ ಗಾಡಿ ನಮ್ಮ ಬೇವಿನ ಮರದ ಕೆಳಗೇ ನಿಲ್ಲಬೇಕು, ಅವರ ಅಂಗಳ ಕಾಣುವ ಮೇಲಿನ ಕಿಟಕಿಗೆ ಪರದೆ ಬೇಕು. ಎರಡಕ್ಕೂ ಒಪ್ಪಿದೆ. ಸಹಿ ಬಿತ್ತು. ಅದನ್ನು ನೋಡಿ ಎಡಬಲದ ಮನೆಯವರೂ ಸಹಿ ಹಾಕಿದರು. ತಕರಾರು ಅರ್ಜಿ ವಾಪಸು ಪಡೆಯಲು ಇನ್ನೊಂದು ಅರ್ಜಿಯನ್ನೂ ಅವರು ಅಷ್ಟೇ ಚೆಂದದ ಅಕ್ಷರದಲ್ಲಿ ಬರೆದರು.

ತಪಾಸಣೆಗೆ ಕಚೇರಿಯಿಂದ ಇಬ್ಬರು ಬಂದಾಗ ಸಾಹೇಬರೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ನಿಂತಿದ್ದರು. ಕೋಣೆ, ಬಚ್ಚಲು, ಅಡುಗೆಮನೆ ಎಲ್ಲ ನೋಡಿಯಾಯಿತು. ಬಂದವರಲ್ಲಿ ಹಿರಿಯರು ಅಂಗಳದ ಗೋಡೆಗೆ ತೂಗುಹಾಕಿದ್ದ ಕೆಂಪು ಸಿಲಿಂಡರ್ ತೋರಿಸಿ, "ಇದನ್ನ ನಡೆಸಾಕ ಮನ್ಯಾಗ ಯಾರಿಗಿ ಬರ್ತೈತಿ?" ಎಂದರು.

"ನನಗ ಬರ್ತೈತ್ರಿ," ಎಂದಳು ಹೆಂಡತಿ. ಬಾಯಿಂದ ಹೇಳಿದರೆ ಸಾಕಿತ್ತು. ಅವಳು ಸಿಲಿಂಡರ್ ಇಳಿಸಿ ಪಿನ್ನು ಎಳೆದು ಒತ್ತಿಯೇಬಿಟ್ಟಳು. ಬುಸ್ಸೆಂದು ಬಿಳಿ ಪುಡಿ ಹಾರಿತು. ತುಳಸಿ ಕಟ್ಟೆ, ನನ್ನ ಸ್ಕೂಟರು, ಸಾಹೇಬರ ಇಸ್ತ್ರಿ ಅಂಗಿ ಎಲ್ಲವೂ ಬೆಳ್ಳಗಾದವು. ಪುಡಿ ಇಳಿದ ಮೇಲೆ ನೋಡಿದರೆ ಸಾಹೇಬರು ಹುಬ್ಬು ಕೂಡ ಬೆಳ್ಳಗಾಗಿ ನಿಂತಿದ್ದಾರೆ. ಅವರು ಕನ್ನಡಕ ಒರೆಸಿಕೊಂಡು ಅಧಿಕಾರಿಗಳ ಕಡೆ ತಿರುಗಿ, "ಚಲೋ ನಡೀತೈತಿ ಅಂತ ಬರಕೋರಿ," ಎಂದರು. ಹಿರಿಯ ಅಧಿಕಾರಿ ನಗು ತಡೆಯಲಾರದೆ ಗೋಡೆಯ ಕಡೆ ಮುಖ ಮಾಡಿದರು. ಸಿಲಿಂಡರ್ ಮತ್ತೆ ತುಂಬಿಸಿ ರಸೀದಿ ತೋರಿಸಿದ ದಿನವೇ ಅನುಮತಿ ಪತ್ರ ಕೈಗೆ ಬಂತು.

ಈಗ ಅತಿಥಿಗಳು ಬಂದರೆ ಮೊದಲು ವಹಿ, ಆಮೇಲೆ ಚಹಾ. ಕಳೆದ ತಿಂಗಳು ಕೊಲ್ಲಾಪುರದಿಂದ ನಾಲ್ವರು ಮರಾಠಿ ಹೆಂಗಸರು ಬಂದಿದ್ದರು. ನನ್ನ ಹೆಂಡತಿಗೆ ಮರಾಠಿ ಬಾರದು. ಸೋಲಾಪುರ ತವರಾದ ಸಾಹೇಬರ ಹೆಂಡತಿಗೆ ಅದು ನೀರು ಕುಡಿದಷ್ಟು ಸಲೀಸು. ಅವರು ರಸ್ತೆ ದಾಟಿ ಬಂದು ಮಾತಿಗೆ ಕುಳಿತವರು, ಕೊನೆಗೆ ಆ ನಾಲ್ವರನ್ನೂ ನನ್ನ ಹೆಂಡತಿಯನ್ನೂ ತಮ್ಮ ಅಂಗಳಕ್ಕೇ ಕರೆದೊಯ್ದರು. ಗುಡಿ ನೋಡಿ ಮಧ್ಯಾಹ್ನ ಆಲಮಟ್ಟಿಗೆ ಹೋಗಬೇಕಿದ್ದವರು ಸಂಜೆಯವರೆಗೂ ಅಲ್ಲೇ ಶೇಂಗಾ ಹೋಳಿಗೆ ತಿನ್ನುತ್ತ ಕುಳಿತಿದ್ದರು. ನಾನೂ ಸಾಹೇಬರೂ ನಮ್ಮ ಕಟ್ಟೆಯ ಮೇಲೆ ಕುಳಿತು, ಆ ನಗುವಿಗೆ ಕಾರಣವೇನೆಂದು ಊಹಿಸುತ್ತ ನಮ್ಮ ಪಾಲಿನ ಹೋಳಿಗೆಗೆ ಕಾದೆವು.

ಅವರು ಹೊರಟ ಮೇಲೆ ಸಾಹೇಬರು ಎಂದಿನಂತೆ ವಹಿ ತೆಗೆದು ತಪಾಸಣೆ ನಡೆಸಿದರು. ಬಂದ ಉದ್ದೇಶ ಎಂಬ ಅಂಕಣದಲ್ಲಿ ಅವರಲ್ಲೊಬ್ಬರು ಮೊದಲು ದೇವರ ದರ್ಶನವೆಂದು ಬರೆದು, ಹೋಗುವಾಗ ಅದರ ಪಕ್ಕಕ್ಕೆ ಮರಾಠಿಯಲ್ಲಿ ಇನ್ನೇನನ್ನೋ ಸೇರಿಸಿದ್ದರು. ಸಾಹೇಬರು ಒಂದೊಂದೇ ಅಕ್ಷರ ಕೂಡಿಸಿ ಓದಿದರು: "ಗಪ್ಪಾ."

"ಅಂದ್ರ ಹರಟಿ. ಇದನ್ನ ಹೊಡದು ಹಾಕೂಣೇನು?" ಎಂದೆ.

"ಬ್ಯಾಡ," ಎಂದರು ಅವರು, ವಹಿ ಮುಚ್ಚುತ್ತ. "ಖರೇನ ಬರದಾರ."