ಕತ್ತಿಪಾರಾ ಏರಿನ ಕಿಣಿಕಿಣಿ

ನಮ್ಮ ಕಾರು ಮೊದಲ ಸಲ ಕಿಣಿಗುಟ್ಟಿದ್ದು ಕತ್ತಿಪಾರಾ ಮೇಲ್ಸೇತುವೆ ಹತ್ತುವಾಗ. ಅವತ್ತು ಶುಕ್ರವಾರ, ನಮ್ಮವರೂ ನಾನೂ ಪಲ್ಲಾವರಂ ಸಂತೆಗೆ ಹೊರಟಿದ್ದೆವು. ಇವರು ಎಂದಿನಂತೆ ನಾಲ್ಕನೇ ಗೇರಿನಲ್ಲೇ ಏರು ಹತ್ತಿಸುತ್ತಿದ್ದರು. ಬಾನೆಟ್ಟಿನೊಳಗಿಂದ ಸ್ಟೀಲ್ ಡಬ್ಬಿಗೆ ನಾಲ್ಕು ಗೋಲಿ ಹಾಕಿ ಅಲ್ಲಾಡಿಸಿದಂಥ ಸಣ್ಣ ಸದ್ದು ಬಂತು. ಏರು ಮುಗಿದ ಕೂಡಲೇ ನಿಂತೂ ಹೋಯಿತು.

"ರೀ, ಏನೋ ಸದ್ದು ಬಂತಲ್ಲ?"

"ಏನು ಸದ್ದು?"

"ಕಿಣಿಕಿಣಿ ಅಂತ. ಇಂಜಿನ್ ಕಡೆಯಿಂದ."

"ನಿನ್ನ ಬಳೆ ಇರಬೇಕು ಕಣೆ," ಅಂದರು.

ನನ್ನ ಕೈಲಿ ಇದ್ದದ್ದು ಎರಡೇ ಬಳೆ. ಅವೂ ದಪ್ಪಗಾದ ಕೈಗೆ ಕಚ್ಚಿಕೊಂಡು ಕೂತು ವರ್ಷಗಳಾಗಿವೆ, ಸೋಪು ಹಚ್ಚಿ ಎಳೆದರೂ ಜಪ್ಪಯ್ಯ ಅನ್ನುವುದಿಲ್ಲ. ಅದನ್ನು ಹೇಳಬೇಕು ಅಂತ ಬಾಯಿಯವರೆಗೆ ಬಂತು. ನುಂಗಿಕೊಂಡೆ. ಕಿವಿಯ ವಿಷಯದಲ್ಲಿ ಇವರ ಜೊತೆ ವಾದಕ್ಕೆ ನಿಲ್ಲುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಪ್ಯಾರೀಸ್ ಕಾರ್ನರಿನ ಹಿಂದಿನ ಒಂದು ಗಲ್ಲಿಯಲ್ಲಿ ನಮ್ಮದು ಕಂಚು, ಹಿತ್ತಾಳೆ ಪಾತ್ರೆಗಳ ಅಂಗಡಿ. ಇವರ ಅಜ್ಜ ತುಮಕೂರು ಕಡೆಯಿಂದ ಈ ತಮಿಳು ಊರಿಗೆ ಬಂದು ಇಟ್ಟದ್ದು. ತಟ್ಟಿ ನೋಡದೆ ಒಂದು ಪಾತ್ರೆಯೂ ಅಂಗಡಿಯ ಮೆಟ್ಟಿಲಿಳಿಯಬಾರದು ಅನ್ನುವುದು ಅಜ್ಜ ಹಾಕಿಕೊಟ್ಟ ಪದ್ಧತಿ. ಪಾತ್ರೆಯನ್ನು ಎಡಗೈಯ ಬೆರಳ ತುದಿಗಳ ಮೇಲೆ ನಿಲ್ಲಿಸಿಕೊಂಡು, ಬಲಗೈಯ ಗೆಣ್ಣಿನಿಂದ ಒಂದೇ ಒಂದು ತಟ್ಟು ತಟ್ಟಿ, ನಾದ ಪೂರ್ತಿ ನಿಲ್ಲುವವರೆಗೆ ತುಟಿ ಬಿಗಿದುಕೊಂಡು ಕೇಳಬೇಕು. ಕಂಚು ಗಡುಸು ಲೋಹ. ಎಲ್ಲೋ ಒಂದು ಕಡೆ ಬಿದ್ದು ಕೂದಲೆಳೆಯಷ್ಟು ಸೀಳಿದ್ದರೆ ಕಣ್ಣಿಗೆ ಕಾಣುವುದಿಲ್ಲ, ನಾದದ ಕೊನೆಯಲ್ಲಿ ಮಾತ್ರ ಗೊತ್ತಾಗುತ್ತದೆ. ಪೊಂಗಲ್ ಹಬ್ಬಕ್ಕೆ ಹಾಲುಕ್ಕಿಸಲು ಪಾನೆ ಅನ್ನುವ ಕಂಚಿನ ಗಡಿಗೆ ಕೊಳ್ಳಲು ಬರುವ ಹೆಂಗಸರು, ಅಯ್ಯಾ ತಟ್ಟಿ ಕೊಟ್ಟರೆ ಸಾಕು ಅಂತ ತಿರುಗಿಸಿ ಕೂಡ ನೋಡದೆ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಇವರಿಗೆ ಅದೇ ಊಟ, ಅದೇ ನಿದ್ದೆ.

ಮನೆಯಲ್ಲೂ ಅಷ್ಟೇ. ಟ್ರಿಪ್ಲಿಕೇನಿನ ನಮ್ಮ ಮನೆಯಲ್ಲಿ ಫ್ಯಾನಿನ ಬುಷ್ ಸವೆದದ್ದು, ಮಿಕ್ಸಿ ಇನ್ನೊಂದು ವಾರಕ್ಕೆ ಕೈಕೊಡುತ್ತದೆ ಅನ್ನುವುದು, ಎಲ್ಲ ಮೊದಲು ಇವರಿಗೇ ಗೊತ್ತಾಗುತ್ತಿತ್ತು. ಅಂಥವರು ಸದ್ದಿಲ್ಲ ಅಂದಮೇಲೆ ಇಲ್ಲ. ನನ್ನ ಕಿವಿಯೇ ಸರಿಯಿಲ್ಲವೇನೋ ಅಂತ ಒಂದೆರಡು ವಾರ ನಾನೂ ನಂಬಿದೆ.

ಆದರೆ ಸದ್ದು ನನ್ನನ್ನು ಬಿಡಲಿಲ್ಲ. ಏರು ಬಂದರೆ ಸಾಕು, ಕಿಣಿಕಿಣಿ. ಬಸ್ಸಿನ ಹಿಂದೆ ನಿಧಾನಕ್ಕೆ ಹೋಗುತ್ತಿದ್ದವರು ಒಮ್ಮೆಲೇ ಆಕ್ಸಿಲರೇಟರ್ ಒತ್ತಿದರೂ ಕಿಣಿಕಿಣಿ. ನಾನು ಹೇಳಿದಾಗಲೆಲ್ಲ ಇವರು, "ಚುಮ್ಮಾ ಇರು, ಹಳೇ ಗಾಡಿ ಅಂದ್ರೆ ಹಂಗೇ," ಅನ್ನುವರು. ಒಂದು ದಿನ ನನ್ನ ಕಾಟ ತಾಳಲಾರದೆ ಬಾನೆಟ್ ಎತ್ತಿದರು. ಎತ್ತಿ, ಇಂಜಿನ್ನಿನ ಮೇಲೆ ಗೆಣ್ಣಿನಿಂದ ಟಣ್ ಅಂತ ಒಂದು ತಟ್ಟಿ, ತಲೆ ವಾಲಿಸಿ ಕೇಳಿ, "ಲೋಹ ಗಟ್ಟಿಯಾಗಿದೆ," ಅಂದರು.

ನನಗೆ ಪಿತ್ತ ನೆತ್ತಿಗೇರಿತು. "ಅದೇನು ಪೊಂಗಲ್ ಪಾನೆನಾ, ತಟ್ಟಿ ನೋಡೋದಕ್ಕೆ?" ಅಂದೆ. ಎರಡು ದಿನ ನಮ್ಮಿಬ್ಬರಿಗೂ ಮಾತಿಲ್ಲ.

ಮೂರನೆಯ ದಿನ ನಾನೇ ಪಲ್ಲಾವರಂನ ಮೆಕ್ಯಾನಿಕ್ಕಿಗೆ ಫೋನು ಮಾಡಿದೆ. ಅರವತ್ತು ದಾಟಿದ ಮನುಷ್ಯ. ಕಾರ್ಬುರೇಟರ್ ಇರುವ ಹಳೇ ಗಾಡಿಗಳನ್ನು ಮುಟ್ಟುವವರು ಈಗ ಅಲ್ಲೊಬ್ಬರು ಇಲ್ಲೊಬ್ಬರು, ಅಂಥವರಲ್ಲಿ ಅವರೂ ಒಬ್ಬರು. ನಿಂತಲ್ಲೇ ಸದ್ದು ಬರುತ್ತದೋ, ಏರಿನಲ್ಲೋ ಅಂತ ತಮಿಳಿನಲ್ಲಿ ಕೇಳಿದರು. ಏರಿನಲ್ಲಿ ಮಾತ್ರ ಅಂದೆ. "ಹಾಗಾದರೆ ವಾಲ್ವಿನ ಟ್ಯಾಪೆಟ್ ಸಡಿಲಾದ ಸದ್ದಲ್ಲಮ್ಮಾ. ನಾಕಿಂಗ್. ಒಳಗೆ ಪೆಟ್ರೋಲು ಹೊತ್ತಬಾರದ ರೀತಿ ಹೊತ್ತುತ್ತಾ ಇದೆ. ಹಂಗೇ ಓಡಿಸಿದರೆ ಒಂದಿನ ಪಿಸ್ಟನ್ ತೂತಾಗುತ್ತೆ," ಅಂದರು. ಗೆದ್ದೆ ಅನ್ನಿಸಿತು. ಗೆದ್ದವಳ ಹಾಗೆಯೇ ಇವರ ಮುಂದೆ ಹೋಗಿ ನಿಂತೆ. ಸರಿ, ಅವನ ಬಾಯಿಂದಲೇ ಕೇಳಿಬಿಡೋಣ ನಡಿ ಅಂತ ಹೊರಟರು.

ಮೆಕ್ಯಾನಿಕ್ ಮೊದಲು ರೇಡಿಯೇಟರ್ ನೋಡಿದರು, ನೀರು ಸರಿಯಾಗಿತ್ತು. ಪೆಟ್ರೋಲು ಎಲ್ಲಿ ಹಾಕಿಸುತ್ತೀರಿ ಅಂತ ಕೇಳಿದರು. ಆಮೇಲೆ ತಾವೇ ಸ್ಟೀರಿಂಗ್ ಹಿಡಿದರು. ಪಕ್ಕದಲ್ಲಿ ಇವರು, ಹಿಂದಿನ ಸೀಟಿನಲ್ಲಿ ನಾನು. ಅಲ್ಲೇ ಹತ್ತಿರದ ಸೇತುವೆಯನ್ನು ಬೇಕೆಂದೇ ನಾಲ್ಕನೇ ಗೇರಿನಲ್ಲಿ ನಿಧಾನವಾಗಿ ಹತ್ತಿಸಿದರು. ಕಿಣಿಕಿಣಿ ಶುರುವಾಯಿತು.

"ಕೇಕ್ಕುದಾ ಸಾರ್?" ಕೇಳುತ್ತಿದೆಯಾ ಅಂತ.

ಇವರು ತಲೆ ವಾಲಿಸಿದರು. ತುಟಿ ಬಿಗಿದುಕೊಂಡರು. "ಇಲ್ಲಪ್ಪಾ," ಅಂದರು.

ಮೆಕ್ಯಾನಿಕ್ ಆಕ್ಸಿಲರೇಟರ್ ಇನ್ನಷ್ಟು ಒತ್ತಿದರು. ಗೋಲಿಗಳು ಡಬ್ಬಿ ಒಡೆಯುವ ಹಾಗೆ ಕುಣಿದವು. "ಈಗ?"

ನಾನು ಹಿಂದಿನಿಂದ ಇವರ ಅರ್ಧ ಮುಖ ನೋಡುತ್ತಿದ್ದೆ. ಅದು ಹಟದ ಮುಖವಾಗಿರಲಿಲ್ಲ. ಅಂಗಡಿಯಲ್ಲಿ ಪಾತ್ರೆ ತಟ್ಟಿ ಕೇಳುವ ಮುಖ. ಇವರು ಪ್ರಾಮಾಣಿಕವಾಗಿ, ಇದ್ದಬದ್ದ ಗಮನವನ್ನೆಲ್ಲ ಕೊಟ್ಟು ಕೇಳುತ್ತಿದ್ದರು, ಮತ್ತು ಇವರಿಗೆ ಏನೂ ಕೇಳಿಸುತ್ತಿರಲಿಲ್ಲ. "ಇಂಜಿನ್ ಓಡೋ ಸದ್ದು ಬಿಟ್ಟು ಬೇರೇನೂ ಇಲ್ಲವಲ್ಲಪ್ಪಾ," ಅಂದರು. ಇಂಡಿಕೇಟರ್ ಟಿಕ್ ಟಿಕ್ ಅನ್ನುತ್ತಿದ್ದರೂ ಆರಿಸದೆ ಮೌಂಟ್ ರೋಡಿನ ಉದ್ದಕ್ಕೂ ಬಂದದ್ದು, ಪಕ್ಕದಲ್ಲೇ ಫೋನು ಗುಬ್ಬಿಯ ಹಾಗೆ ಚಿಲಿಗುಟ್ಟುತ್ತಿದ್ದರೂ ಎತ್ತದೆ ಇದ್ದದ್ದು, ಒಂದೊಂದೇ ನೆನಪಾಯಿತು. ಅವಕ್ಕೆಲ್ಲ ನಾನು ಅಸಡ್ಡೆ ಅಂತ ಬೈದಿದ್ದೆ. ಮಾತು ಕೇಳುತ್ತಿತ್ತು, ಇಂಥ ಸಣ್ಣ ಸದ್ದು ಮಾತ್ರ ಇವರ ಕಿವಿಗೆ ಬೀಳುತ್ತಿರಲಿಲ್ಲ.

ಮೆಕ್ಯಾನಿಕ್ ಕನ್ನಡಿಯಲ್ಲಿ ನನ್ನ ಕಡೆ ನೋಡಿ, ನಿಮಗಮ್ಮಾ ಅಂದರು.

"ಇಲ್ಲಪ್ಪ, ನನಗೂ ಏನೂ ಕೇಳಿಸ್ತಿಲ್ಲ," ಅಂದುಬಿಟ್ಟೆ.

ಫೋನಿನಲ್ಲಿ ಆ ಸದ್ದನ್ನು ಅಷ್ಟು ಬಣ್ಣಿಸಿದವಳು ನಾನೇ. ಅವರು ಕನ್ನಡಿಯಲ್ಲೇ ಇನ್ನೂ ಒಂದು ಕ್ಷಣ ನೋಡಿದರು. ತಿಳಿದ ಮನುಷ್ಯ, ಕೆದಕಲಿಲ್ಲ. ಇಂಜಿನ್ನಿನ ಹೆಡ್ ಬಿಚ್ಚಿ ಬಹಳ ದಿನವಾಗಿದೆ ಸಾರ್, ಹೇಗೂ ಬಂದಿದ್ದೀರಿ, ಒಂದ್ಸಲ ಕ್ಲೀನ್ ಮಾಡಿಬಿಡೋಣ ಅಂದರು. ಇವರು ಒಪ್ಪಿದರು. ಬಸ್ಸಿನಲ್ಲಿ ವಾಪಸು ಬರುವಾಗ, "ನಿನ್ನ ಭ್ರಮೆಯಿಂದ ಮೂರು ದಿನ ಗಾಡಿ ಇಲ್ಲ," ಅಂತ ನಗೆಯಾಡಿದರು. ನಾನು ಕಿಟಕಿಯಾಚೆ ನೋಡುತ್ತ ಕೂತೆ. ಸುಳ್ಳು ಹೇಳಿದ್ದಕ್ಕೆ ನಾಚಿಕೆಯಾಗಿರಲಿಲ್ಲ, ಗಂಡನ ಮಾನ ಉಳಿಸಿದೆ ಅಂತ ಒಳಗೊಳಗೇ ಬೀಗುತ್ತಿದ್ದೆ.

ಮೂರು ದಿನ ಬಿಟ್ಟು ಹೋದಾಗ ಮೆಕ್ಯಾನಿಕ್ ಹೆಡ್ ಬಿಚ್ಚಿಟ್ಟು, ಒಂದು ಪಿಸ್ಟನ್ನಿನ ತಲೆಯನ್ನು ಮಾತ್ರ ಕೆರೆಯದೆ ನಮಗಾಗಿ ಉಳಿಸಿಕೊಂಡಿದ್ದರು. ಹಾಲು ಹೊತ್ತಿದ ಪಾತ್ರೆಯ ತಳದ ಹಾಗೆ ಕರಿ ಹೆಪ್ಪುಗಟ್ಟಿತ್ತು. ಆ ಕರಿ ಕೆಂಡದಂತೆ ಕಾದು, ಪ್ಲಗ್ಗಿನ ಕಿಡಿ ಬೀಳುವ ಮೊದಲೇ ಪೆಟ್ರೋಲು ಹೊತ್ತಿಕೊಳ್ಳುತ್ತದಂತೆ. ಜೊತೆಗೆ ಕಿಡಿ ಬೀಳುವ ಹೊತ್ತೂ ತುಸು ಮುಂಚೆ ಆಗಿತ್ತಂತೆ. ಉಳಿದದ್ದನ್ನೂ ಕೆರೆದು, ಹೆಡ್ ಕೂರಿಸಿ, ಸಂಜೆಯ ಹೊತ್ತಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನು ಒಂದು ಕೂದಲಷ್ಟು ತಿರುಗಿಸಿ ಟೈಮಿಂಗನ್ನೂ ಸರಿಮಾಡಿದರು. ಕೊನೆಗೆ ಇವರಿಗೆ, "ಸಾರ್, ಏರಿನಲ್ಲಿ ಮೂರನೇ ಗೇರಿಗೆ ಇಳಿಸಿ. ನಾಲ್ಕರಲ್ಲಿ ಪಾಪ ಗಾಡಿ ತಿಣುಕಿ ತಿಣುಕಿ ಹತ್ತುತ್ತೆ," ಅಂದರು. ಟಾಪ್ ಗೇರಿನಲ್ಲಿದ್ದರೆ ಪೆಟ್ರೋಲು ಉಳಿಯುತ್ತದೆ ಅನ್ನುವುದು ನಮ್ಮ ಮಾವನವರು ಮಗನಿಗೆ ಕಲಿಸಿದ ಡ್ರೈವಿಂಗು. ಇವರು ಅಪ್ಪನ ಮಾತು ಮೀರಿದ್ದು ಅವತ್ತು ಮೂರಕ್ಕೆ ಇಳಿಸಿದ್ದೊಂದರಲ್ಲೇ ಇರಬೇಕು.

ಕತ್ತಿಪಾರಾ ಏರನ್ನು ಮೂರರಲ್ಲಿ ಹತ್ತಿದೆವು. ಕಾರು ಹೊಸದರ ಹಾಗೆ ನುಣ್ಣಗೆ ಹೋಯಿತು.

"ನೋಡಿದ್ಯಾ? ಮೊದಲೂ ಹೀಗೇ ಇತ್ತು, ಈಗಲೂ ಹೀಗೇ ಇದೆ," ಅಂದರು.

"ಹೂಂ ರೀ," ಅಂದೆ.

ಅದು ಕಾರ್ತೀಕದ ಮಾತು. ಅಲ್ಲಿಂದ ಎರಡು ತಿಂಗಳಿಗೆ ಪೊಂಗಲ್ ಬಂತು, ಅಂಗಡಿಯಲ್ಲಿ ಉಸಿರಾಡಲೂ ಪುರಸೊತ್ತಿಲ್ಲದ ವ್ಯಾಪಾರ ಮುಗಿಯಿತು. ಹಬ್ಬ ಕಳೆದ ವಾರದಲ್ಲಿ ಒಂದು ಮಧ್ಯಾಹ್ನ ಇವರು ಅಂಗಡಿಗೆ ಬೀಗ ಹಾಕಿ ಮನೆಗೆ ಬಂದರು. ಹೊತ್ತಲ್ಲದ ಹೊತ್ತಿನಲ್ಲಿ ಹಾಗೆ ಬಂದದ್ದನ್ನು ನಾನು ಕಂಡಿರಲಿಲ್ಲ. ಚೀಲದಿಂದ ಒಂದು ಕಂಚಿನ ಪಾನೆ ತೆಗೆದು ಊಟದ ಮೇಜಿನ ಮೇಲಿಟ್ಟರು. ಅದರ ಒಂದು ಪಕ್ಕದಲ್ಲಿ ಒಣಗಿದ ಹಾಲಿನ ಕಲೆ ಗೆರೆಯಾಗಿ ಇಳಿದಿತ್ತು.

ಒಬ್ಬ ಹೆಂಗಸು ತಂದು ಕೊಟ್ಟಿದ್ದರಂತೆ. ಹಬ್ಬಕ್ಕೆ ಹತ್ತು ದಿನ ಮುಂಚೆ ನಮ್ಮಲ್ಲೇ ಕೊಂಡದ್ದು, ಇವರೇ ತಟ್ಟಿ ಕೊಟ್ಟದ್ದು. ಪೊಂಗಲ್ ಬೆಳಿಗ್ಗೆ ಮನೆಮಂದಿಯೆಲ್ಲ ಸುತ್ತ ನಿಂತಿದ್ದಾಗ ಹಾಲು ಬಾಯಿಂದ ಉಕ್ಕುವುದರ ಬದಲು ಪಕ್ಕದಿಂದ ಸೋರಿ ಒಲೆಯನ್ನು ಆರಿಸಿತ್ತು. ಈ ಊರಿನಲ್ಲಿ ಆ ಹಾಲು ಉಕ್ಕಿದರೇ ವರ್ಷ ಚೆನ್ನಾಗಿ ಶುರುವಾದಂತೆ. ಆಯಮ್ಮ ಕೂಗಾಡಲಿಲ್ಲವಂತೆ. ಅಯ್ಯಾ ತಟ್ಟಿದ್ದು ಅಂತ ನಂಬಿದ್ದೆ ಅಂದು ಪಾನೆ ಇಟ್ಟು ಹೋದರಂತೆ.

ಇವರು ಪಾನೆಯನ್ನು ಬೆರಳ ತುದಿಗಳ ಮೇಲೆ ನಿಲ್ಲಿಸಿಕೊಂಡು ತಟ್ಟಿದರು. "ಈಗಲೂ ನನಗೆ ಸರಿಯಾಗೇ ಕೇಳಿಸ್ತಿದೆ," ಅಂದು ಅದನ್ನು ನನ್ನ ಕಡೆ ಚಾಚಿದರು. "ನೀನು ತಟ್ಟು."

ಇಷ್ಟು ವರ್ಷದ ಸಂಸಾರದಲ್ಲಿ ಆ ಮಾತು ಇವರ ಬಾಯಿಂದ ಬಂದಿರಲಿಲ್ಲ. ತಟ್ಟಿದೆ. ಮೊದಲು ದಪ್ಪನೆಯ ನಾದ ಬಂತು, ಆಮೇಲೆ ಅದರ ಕೊನೆಯಲ್ಲಿ ಸಣ್ಣಗೆ ಜರ್ರ್ ಅಂತ ಒಡಕು ದನಿ. ಮಗುವಿಗೂ ಗೊತ್ತಾಗುವಂತಿತ್ತು. ಈ ಸಲವೂ ಸುಳ್ಳು ಹೇಳಿಬಿಡಲೇ ಅನ್ನಿಸಿತು. ಇವರು ನನ್ನ ಮುಖ ನೋಡುತ್ತಿದ್ದರು.

"ಒಡೆದಿದೆ ರೀ," ಅಂದೆ.

ಪಾನೆಯನ್ನು ನನ್ನ ಕೈಯಿಂದ ತೆಗೆದುಕೊಂಡರು. "ಅವತ್ತು ಕಾರು?"

"ಅದೂ ಕೇಳಿಸ್ತಿತ್ತು."

"ಇಲ್ಲ ಅಂದೆಯಲ್ಲ."

"ನಿಮಗೆ ನೋವಾಗುತ್ತೆ ಅಂತ."

ಇವರಿಗೆ ಕೋಪ ಬರಲಿಲ್ಲ. ಬಂದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಪಾನೆಯ ಹಾಲಿನ ಕಲೆಯನ್ನು ಉಗುರಿನಿಂದ ಕೆರೆಯುತ್ತ, "ಅವತ್ತೇ ಹೇಳಿದ್ದಿದ್ರೆ ಆಯಮ್ಮನ ಮನೇಲಿ ಹಾಲು ಉಕ್ತಿತ್ತು ಕಣೆ," ಅಂದರು.

ಮಾರನೆಯ ದಿನ ಆಯಮ್ಮನ ಮನೆಗೆ ಕೊಂಡೊಯ್ಯಲು ಹೊಸ ಪಾನೆ ಆರಿಸಲು ಇಬ್ಬರೂ ಅಂಗಡಿಗೆ ಹೋದೆವು. ಇವರು ಪದ್ಧತಿಯಂತೆ ಬೆರಳ ತುದಿಗಳ ಮೇಲೆ ನಿಲ್ಲಿಸಿಕೊಂಡು ಒಂದೇ ಒಂದು ತಟ್ಟು ತಟ್ಟಿದರು. ನಾನು ಬಾಯಿ ಮುಚ್ಚಿಕೊಂಡು ಕೇಳಿದೆ. ನಾದ ಪೂರ್ತಿ ನಿಂತು ನಾನು ತಲೆಯಾಡಿಸುವವರೆಗೆ ಇವರು ಪಾನೆಯನ್ನು ಕೆಳಗಿಡಲಿಲ್ಲ.